ಮ್ಯೂಸಿಯಂ ಕಿಟಕಿ ತೆಗೆದಿಡಬೇಕಾ, ಮುಚ್ಚಬೇಕಾ? ರಸ್ತೆ ಹೊಗೆಗೆ ಹಳೇ ವಸ್ತುಗಳು ಹಾಳಾಗುತ್ತವಾ?

ಹಳೇಬೇರು:
ಎಲ್ಲರಿಗೂ ನಮಸ್ಕಾರ. ಮೊನ್ನೆ ಒಂದು ಜಿಲ್ಲಾ ಕೇಂದ್ರದ ಮ್ಯೂಸಿಯಂ ನೋಡಿ ಬಂದೆ. ಊರಿನ ಹೆಸರು ಬೇಡ, ಅಲ್ಲಿನ ಸಿಬ್ಬಂದಿ ಪಾಪ ಒಳ್ಳೆಯವರು. ಕಟ್ಟಡ ಮುಖ್ಯರಸ್ತೆಗೆ ಅಂಟಿಕೊಂಡೇ ಇದೆ, ಎದುರಿಗೆ ಬಸ್ ಸ್ಟ್ಯಾಂಡ್. ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ಬಸ್ ಸ್ಟಾರ್ಟ್ ಮಾಡಿದಾಗಲೆಲ್ಲ ಡೀಸೆಲ್ ವಾಸನೆ ನೇರ ಒಳಗೆ. ಕಿಟಕಿ ಪಕ್ಕದ ವೀರಗಲ್ಲಿನ ಕೆತ್ತನೆ ಸಂದಿಗಳಲ್ಲಿ ಕಪ್ಪು ಪುಡಿ ಕೂತಿರುವುದು ದೂರದಿಂದಲೇ ಕಾಣುತ್ತಿತ್ತು.

ಆದರೆ ತಲೆಕೆಡಿಸಿದ್ದು ಅದಲ್ಲ. ಒಳಗಿನ ಕೋಣೆಯಲ್ಲಿ, ಕಿಟಕಿಯಿಂದ ದೂರ, ಗಾಜು ಮುಚ್ಚಿದ ಹೊಸ ಶೋಕೇಸ್ ಇದೆ. ಪ್ಲೈವುಡ್‌ದು, ಇನ್ನೂ ಪೇಂಟ್ ವಾಸನೆ ಹೋಗಿಲ್ಲ. ಒಳಗೆ ನೀಲಿ ಉಣ್ಣೆ ಬಟ್ಟೆ ಹಾಸಿ ಬೆಳ್ಳಿ ಪನ್ನೀರುದಾನಿ, ಅಡಿಕೆ ತಟ್ಟೆ, ಕತ್ತಿಯ ಹಿಡಿ ಎಲ್ಲ ಇಟ್ಟಿದ್ದಾರೆ. ಎಲ್ಲವೂ ಕರ‍್ರಗೆ. ಹಜಾರದಲ್ಲಿ ತೆರೆದ ಮೇಜಿನ ಮೇಲಿರುವ ಬೆಳ್ಳಿ ದೀಪ ಮಾತ್ರ ಇದಕ್ಕಿಂತ ವಾಸಿ.

ಇದು ಹೊಗೆಯ ಕೆಲಸನಾ? ಹೊಗೆಯಾದರೆ ಮುಚ್ಚಿದ ಪೆಟ್ಟಿಗೆಯೊಳಗೆ ಹೆಂಗೆ ಹೋಯಿತು? ಸರ್ಕಾರ ಇಂಥ ಕಡೆ ಎಸಿ ಹಾಕಿಸಿ ಕಿಟಕಿ ಮುಚ್ಚಿಬಿಟ್ಟರೆ ಮುಗಿಯಿತು ಅಲ್ವಾ? ತಿಳಿದವರು ಹೇಳಿ.

ಗಾಂಧಿಬಜಾರ್ ಗುಂಡ:
ಫ್ಯಾನಿಗೇ ಕರೆಂಟ್ ಬಿಲ್ ಕಟ್ಟೋಕೆ ದುಡ್ಡಿಲ್ಲ, ನೀವು ಎಸಿ ಅಂತೀರಿ. ಟಿಕೆಟ್ ಎಷ್ಟು ಕೊಟ್ಟಿರಿ ಹೇಳಿ ಮೊದಲು.

ರಸಾಯನ ಮೇಷ್ಟ್ರು:
ಬೆಳ್ಳಿ ಕಪ್ಪಾಗುವುದು ಮಸಿಯಿಂದಲ್ಲ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯ ಮೇಲ್ಮೈ ಜೊತೆ ಸೇರಿ ಬೆಳ್ಳಿ ಸಲ್ಫೈಡ್ ಆಗುತ್ತದೆ. ಮೊದಲು ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ಕಪ್ಪು. ಗಾಳಿಯ ನೂರು ಕೋಟಿ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಇದು ನಡೆಯುತ್ತದೆ. ನಮ್ಮ ಮೂಗಿಗೆ ಗೊತ್ತೇ ಆಗುವುದಿಲ್ಲ. ಚರಂಡಿ, ಕೊಳೆತ ಕೆರೆ, ಕೆಲವು ಕಾರ್ಖಾನೆ, ಇವೆಲ್ಲ ಇದನ್ನು ಬಿಡುತ್ತವೆ. ಹಾಗಾಗಿ ಬಸ್ ಹೊಗೆ ಒಂದನ್ನೇ ಬೈಯಬೇಡಿ, ಮ್ಯೂಸಿಯಂ ಹಿಂದೆ ರಾಜಕಾಲುವೆ ಇದೆಯಾ ನೋಡಿ.

ಹಳೇಬೇರು:
ಇದೆ ಮೇಷ್ಟ್ರೇ! ಹಿತ್ತಲಿಗೇ ದೊಡ್ಡ ಮೋರಿ. ಆದರೂ ಮುಚ್ಚಿದ ಪೆಟ್ಟಿಗೆಯಲ್ಲಿ ಜಾಸ್ತಿ ಕಪ್ಪು ಯಾಕೆ?

ಓಲೆಗರಿ:
ಆ ಉಣ್ಣೆ ಬಟ್ಟೆಯಿಂದ. ನಾನು ಕಾಗದ ಮತ್ತು ಬಟ್ಟೆಯ ಸಂರಕ್ಷಣೆ ಕೆಲಸ ಮಾಡುವವಳು, ಈ ನೀಲಿ ಉಣ್ಣೆ ಬಟ್ಟೆಯ ಕಾಟ ನೋಡಿ ನೋಡಿ ಸಾಕಾಗಿದೆ. ಉಣ್ಣೆಯಲ್ಲಿ ಗಂಧಕ ಇರುತ್ತದೆ, ಅದು ಮೆಲ್ಲಮೆಲ್ಲಗೆ ಗಂಧಕದ ಅನಿಲ ಬಿಡುತ್ತದೆ. ಗಾಜು ಭದ್ರವಾಗಿ ಮುಚ್ಚಿರುವುದರಿಂದ ಅದು ಹೊರಗೆ ಹೋಗುವುದಿಲ್ಲ, ಪೂರ್ತಿ ಬೆಳ್ಳಿಯ ಪಾಲು. ಹಜಾರದ ದೀಪಕ್ಕೆ ಹೊರಗಿನ ಗಾಳಿ ತಾಗಿದರೂ ಅನಿಲ ಒಂದೇ ಕಡೆ ಕೂಡಿಕೊಳ್ಳುವುದಿಲ್ಲ.

ರಬ್ಬರ್ ಶೀಟ್ ಇನ್ನೂ ಕೆಟ್ಟದ್ದು. ಪಾತ್ರೆ ಜಾರಬಾರದು ಅಂತ ಕೆಳಗೆ ರಬ್ಬರ್ ಬುಡ ಅಂಟಿಸುತ್ತಾರೆ. ಒಂದು ಬೆಳ್ಳಿ ಗಿಂಡಿ ನನ್ನ ಕೈಗೆ ಬಂದಿತ್ತು. ಚೀಟಿ ಕಟ್ಟಲು ಯಾರೋ ರಬ್ಬರ್ ಬ್ಯಾಂಡ್ ಹಾಕಿದ್ದರು. ಬ್ಯಾಂಡ್ ಒಣಗಿ ಉದುರಿಹೋಗಿದೆ, ಆದರೆ ಗಿಂಡಿಯ ಸುತ್ತ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಕಪ್ಪು ಪಟ್ಟಿ ಉಳಿದಿದೆ. ಪಾಲಿಶ್ ಮಾಡಿದರೂ ಆ ಜಾಗದಲ್ಲಿ ಲೋಹ ಸ್ವಲ್ಪ ತಗ್ಗಿರುವುದು ಓರೆ ಬೆಳಕಿನಲ್ಲಿ ಕಾಣುತ್ತದೆ.

ಸುಮ್ನೆ ಓದುಗ:
ಅಯ್ಯೋ, ನಮ್ಮಮ್ಮ ಬೆಳ್ಳಿ ಲೋಟಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿಯೇ ಬೀರುವಿನಲ್ಲಿ ಇಟ್ಟಿದ್ದಾರೆ. ಈಗಲೇ ಫೋನ್ ಮಾಡುತ್ತೇನೆ.

ಗಾಂಧಿಬಜಾರ್ ಗುಂಡ:
ಫೋನ್ ಮಾಡಿ ಲೋಟ ಎಷ್ಟಿದೆ ಅಂತಲೂ ಕೇಳಿಕೊಳ್ಳಿ 😄

ಬಳ್ಳಾರಿ ಬಿಸಿಲು:
ಎಲ್ಲಾ ಸರಿ, ಆದರೆ ಹೊರಗಿನ ಗಾಳಿ ಏನೂ ಮಾಡುವುದೇ ಇಲ್ಲ ಅನ್ನುವ ಹಾಗೆ ಮಾತು ಹೋಗುತ್ತಿದೆ. ನಮ್ಮ ಕಡೆ ಬಂದು ನೋಡಿ. ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕುವವರೆಗೂ, ಸಂಡೂರು ಹೊಸಪೇಟೆ ರಸ್ತೆಯಲ್ಲಿ ಮರದ ಎಲೆ ಹಸಿರು ಅಂತ ಮಕ್ಕಳಿಗೆ ಹೇಳಿಕೊಡಬೇಕಿತ್ತು. ಲಾರಿ ಸಾಲು ಮುಗಿಯುತ್ತಿರಲಿಲ್ಲ. ಆ ಕೆಂಪು ಧೂಳು ಬಟ್ಟೆಗೆ ಕೂತರೆ ಒಗೆದರೂ ಹೋಗುತ್ತಿರಲಿಲ್ಲ. ಹಂಪಿ ಅಲ್ಲೇ ಪಕ್ಕದಲ್ಲಿದೆ. ಬಯಲಲ್ಲಿರುವ ಕಲ್ಲನ್ನು ಯಾವ ಶೋಕೇಸಿನಲ್ಲಿ ಇಡುತ್ತೀರಿ?

ಓಲೆಗರಿ:
ಹೊರಗಿನ ಗಾಳಿ ಏನೂ ಮಾಡುವುದಿಲ್ಲ ಅಂತ ನಾನು ಹೇಳಲಿಲ್ಲ ಅಣ್ಣ. ಧೂಳು ದೊಡ್ಡ ಶತ್ರುವೇ. ಅದೂ ಬರೀ ಕೊಳೆ ಅಲ್ಲ. ರಸ್ತೆ ಧೂಳಿನಲ್ಲಿ ಮರಳಿನ ಚೂರು ಇರುತ್ತದೆ, ಅದರ ಅಂಚು ಹರಿತ. ಒಣ ಬಟ್ಟೆಯಲ್ಲಿ ಗಸಗಸ ಒರೆಸಿದರೆ ಮರಳು ಕಾಗದದಲ್ಲಿ ಉಜ್ಜಿದಂತೆಯೇ. ಅಷ್ಟೇ ಅಲ್ಲ, ಧೂಳು ತೇವ ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಆ ಪದರ ಗಟ್ಟಿಯಾಗಿ ಅಂಟಿಕೊಂಡುಬಿಡುತ್ತದೆ, ಆಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ.

ನಾವು ಮಾಡುವುದು ಹೀಗೆ: ಮೆತ್ತನೆ ಬ್ರಷ್‌ನಲ್ಲಿ ಧೂಳನ್ನು ಮೆಲ್ಲಗೆ ತಳ್ಳುತ್ತೇವೆ, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಕೊಳವೆ. ಕೊಳವೆಯ ಬಾಯಿಗೆ ತೆಳು ಬಲೆ ಕಟ್ಟಿರುತ್ತೇವೆ. ಬಿಡಿಯಾದ ಬಣ್ಣದ ಚಕ್ಕೆ ಹಾರಿದರೆ ಬಲೆಯಲ್ಲಿ ಸಿಗಬೇಕು ಅಂತ. ಕೊಳವೆ ವಸ್ತುವಿಗೆ ತಾಗಲೇಬಾರದು. ಗರಿಪೊರಕೆ ಹಿಡಿದು ಓಡಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ತುಂಗಾತೀರ:
ತಾಜ್ ಮಹಲ್ ಉದಾಹರಣೆ ಯಾರೂ ಎತ್ತಲಿಲ್ಲವಲ್ಲ. ಮಥುರಾ ರಿಫೈನರಿ ಹೊಗೆಗೆ ಹಳದಿ ಆಯಿತು, ಸುಪ್ರೀಂ ಕೋರ್ಟ್ ಬೈದಿತು, ಕಾರ್ಖಾನೆ ಮುಚ್ಚಿಸಿದರು, ಕಥೆ ಮುಗಿಯಿತು.

ರಸಾಯನ ಮೇಷ್ಟ್ರು:
ಮುಗಿಯಲಿಲ್ಲ. 1996ರ ಡಿಸೆಂಬರ್ 30ರಂದು ಪರಿಸರ ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಪ್ರಕರಣದಲ್ಲಿ ಕೋರ್ಟ್ ಹೇಳಿದ್ದು ಕಲ್ಲಿದ್ದಲು ಉರಿಸುವ 292 ಕಾರ್ಖಾನೆಗಳು ಗ್ಯಾಸ್‌ಗೆ ಬದಲಾಗಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು ಅಂತ. ಗಂಧಕದ ಡೈಆಕ್ಸೈಡ್ ಅಮೃತಶಿಲೆಯನ್ನು ಜಿಪ್ಸಮ್ ಅನ್ನುವ ಮೆದು ಪದಾರ್ಥ ಮಾಡುತ್ತದೆ ಅನ್ನುವುದು ಆಗಿನ ಭಯ, ಅದು ನಿಜವಾದ ಭಯವೇ. ಆದರೆ ಆಮೇಲೂ ಬಣ್ಣ ಕೆಡುತ್ತಲೇ ಇತ್ತು. ಐಐಟಿ ಕಾನ್ಪುರ, ಅಮೆರಿಕದ ಜಾರ್ಜಿಯಾ ಟೆಕ್, ನಮ್ಮ ಪುರಾತತ್ವ ಸರ್ವೇಕ್ಷಣಾ ಇಲಾಖೆ ಎಲ್ಲ ಸೇರಿ ಅಲ್ಲಿ ಅಮೃತಶಿಲೆ ತುಂಡುಗಳನ್ನು ಇಟ್ಟು ನೋಡಿದರು. ಕೂತಿದ್ದು ಧೂಳು ಮತ್ತು ಇಂಗಾಲದ ಕಣ. ಕಸ, ಸಗಣಿ, ಸೌದೆ, ವಾಹನದ ಇಂಧನ ಉರಿದಾಗ ಬರುವಂಥದ್ದು. ಅದರಲ್ಲಿ ಕಂದು ಇಂಗಾಲ ಅಂತ ಒಂದು ಬಗೆ ಇದೆ, ಹಳದಿ ಛಾಯೆ ಬರುವುದಕ್ಕೆ ಅದೂ ಕಾರಣ. ಈ ವರದಿ 2015ರ ಹೊತ್ತಿಗೆ ಬಂತು.

ತುಂಗಾತೀರ:
ಅಂದರೆ ಬೀದಿಯಲ್ಲಿ ಕಸಕ್ಕೆ ಬೆಂಕಿ ಇಡುವವನೂ ಪಾಲುದಾರ. ಮುಲ್ತಾನಿ ಮಿಟ್ಟಿ ಹಚ್ಚಿ ತೊಳೆಯುತ್ತಾರಲ್ಲ, ಅದಕ್ಕೇನಂತೀರಿ?

ಓಲೆಗರಿ:
ಕೊಳೆ ಹೀರಿಕೊಳ್ಳುತ್ತದೆ, ನಿಜ. ಆದರೆ ಪ್ರತಿ ಸಲ ತೊಳೆದಾಗಲೂ ಕಲ್ಲಿನ ಮೇಲ್ಮೈಗೆ ಏನಾಗುತ್ತದೆ ಅನ್ನುವ ಬಗ್ಗೆ ನಮ್ಮವರಲ್ಲೇ ಜಗಳ ಇದೆ. ಕೊಳೆ ಬಾರದ ಹಾಗೆ ಮಾಡುವುದು ಯಾವತ್ತೂ ಮೇಲು.

ಗಾಂಧಿಬಜಾರ್ ಗುಂಡ:
ತಾಜ್ ಮಹಲ್ ಮ್ಯೂಸಿಯಂ ಅಲ್ಲ ಗುರು. ವಿಷಯಕ್ಕೆ ಬನ್ನಿ.

ತುಂಗಾತೀರ:
ಹಾಗಾದರೆ ಮ್ಯೂಸಿಯಂ ಉದಾಹರಣೆಯನ್ನೇ ತಗೊಳ್ಳಿ. ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡದ ಮೇಲೆ ಕಂಬದ ಬದಲು ನಿಂತಿರುವ ಹೆಂಗಸರ ಶಿಲ್ಪಗಳಿವೆಯಲ್ಲ, ಕ್ಯಾರಿಯಾಟಿಡ್‌ಗಳು. ನಗರದ ಹೊಗೆ ಮಂಜಿಗೆ ಮುಖ ಕರಗಿ ಹೋಗುತ್ತಿದೆ ಅಂತ 1979ರಲ್ಲಿ ಐದನ್ನು ಇಳಿಸಿ ಒಳಗೆ ಇಟ್ಟರು. ಈಗ ಗುಡ್ಡದ ಮೇಲಿರುವುದು ಬರೀ ನಕಲು. ಆರನೆಯದು ಲಂಡನ್ನಿನಲ್ಲಿದೆ, ಎಲ್ಗಿನ್ ಅನ್ನುವ ಬ್ರಿಟಿಷ್ ರಾಯಭಾರಿ ಹೊತ್ತುಕೊಂಡು ಹೋದದ್ದು.

ಹಳೇಬೇರು:
ಒಂದು ರೀತಿಯಲ್ಲಿ ಲಂಡನ್ನಿನಲ್ಲಿದ್ದದ್ದೇ ಬಚಾವ್ ಆಯಿತು ಅಲ್ವಾ?

ತುಂಗಾತೀರ:
ಈ ಮಾತು ಹೇಳಿ ಹೇಳಿಯೇ ಅವರು ವಾಪಸ್ ಕೊಡದೆ ಕೂತಿದ್ದಾರೆ. ಲಂಡನ್ನಿನ ಕಲ್ಲಿದ್ದಲು ಹೊಗೆ ಏನು ಸಾಂಬ್ರಾಣಿನಾ? ಅಲ್ಲೂ ಶಿಲ್ಪ ಕಪ್ಪಾಗಿದ್ದವು. 1937-38ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಕೆಲಸಗಾರರು ಅದೇ ಗುಡ್ಡದ ಪಾರ್ಥೆನಾನ್ ದೇವಾಲಯದ ಶಿಲ್ಪಗಳನ್ನು ಬೆಳ್ಳಗೆ ಮಾಡುತ್ತೇವೆ ಅಂತ ತಾಮ್ರದ ಸಲಕರಣೆಯಲ್ಲಿ ಕೆರೆದರು. ಕೊಳೆ ಜೊತೆಗೆ ಹಳೆಯ ಮೇಲ್ಮೈಯೂ ಹೋಯಿತು. ಅಥೆನ್ಸಿನವರು ತಮ್ಮ ಐದನ್ನು ಲೇಸರ್‌ನಲ್ಲಿ, ನೋಡುಗರ ಎದುರೇ ಶುಚಿ ಮಾಡಿದರು. ಯಾರ ಕೈಯಲ್ಲಿ ಬಚಾವ್ ಆಯಿತು ಹೇಳಿ.

ಗಾಂಧಿಬಜಾರ್ ಗುಂಡ:
ಸಾಂಬ್ರಾಣಿ 😂

ಕುಡ್ಲದ ಹುಡುಗ:
ಲಂಡನ್ ವಿಷಯ ಬಂದಿದ್ದಕ್ಕೆ ಒಂದು ಮಾತು. ಈ ಹೊಗೆ ಗಲಾಟೆ ಹೊಸದಲ್ಲ. 1850ರಲ್ಲೇ ಅಲ್ಲಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳು ಮಸಿಗೆ ಹಾಳಾಗುತ್ತಿವೆ ಅಂತ ವಿಚಾರಣೆ ನಡೆದಿತ್ತು. ವಿದ್ಯುತ್ತಿನ ಮೈಕೆಲ್ ಫ್ಯಾರಡೇ ಅದರಲ್ಲಿದ್ದರು. ಚಿತ್ರಗಳಿಗೆ ಗಾಜು ಹಾಕಿ ಅನ್ನುವುದು ಆಗ ಬಂದ ಸಲಹೆ. ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ, ಚಿತ್ರ ಕಾಣುವುದಿಲ್ಲ ಅಂತ ಗೊಣಗುವುದೂ ಅಷ್ಟೇ ಹಳೆಯದು.

ರಸಾಯನ ಮೇಷ್ಟ್ರು:
ಫ್ಯಾರಡೇ ಅದಕ್ಕೂ ಮೊದಲೇ, 1843ರಲ್ಲಿ, ಲಂಡನ್ನಿನ ಒಂದು ಕ್ಲಬ್ಬಿನ ಲೈಬ್ರರಿಯಲ್ಲಿ ಚರ್ಮದ ರಟ್ಟುಗಳು ಪುಡಿಯಾಗುವುದನ್ನು ನೋಡಿದ್ದರು. ಗ್ಯಾಸ್ ದೀಪದಿಂದ ಬರುವ ಗಂಧಕದ ಆಮ್ಲ ಕಾರಣ ಅಂತ ಅವರ ತೀರ್ಮಾನ. ದೀಪ ಇದ್ದದ್ದು ಕೋಣೆಯೊಳಗೇ, ಗಮನಿಸಿ. ನಿಮ್ಮ ಹಳೇ ಚರ್ಮದ ಪುಸ್ತಕ ಮುಟ್ಟಿದಾಗ ಕೈಗೆ ಕೆಂಪು ಪುಡಿ ಅಂಟುತ್ತದಲ್ಲ, ಅದೇ ಕಾಯಿಲೆ.

ನಂಜನಗೂಡು ರಸಬಾಳೆ:
ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಕತ್ತಲೆ ಕೋಣೆಯಲ್ಲಿ ಇಟ್ಟಿದ್ದಾರೆ. ಅದೂ ಸಂರಕ್ಷಣೆಗೇ ಇರಬೇಕು.

ಓಲೆಗರಿ:
ಅದು ರವಿವರ್ಮ ಅಲ್ಲ! ಎಸ್.ಎಲ್. ಹಲ್ದಂಕರ್ ಬರೆದದ್ದು, ಜಲವರ್ಣ. ಕತ್ತಲೆ ಮಾಡಿರುವುದು ದೀಪದ ಬೆಳಕು ಮುಖದ ಮೇಲೆ ಚೆನ್ನಾಗಿ ಕಾಣಲಿ ಅಂತ. ಬೆಳಕು ಕಡಿಮೆಯಾದರೆ ಜಲವರ್ಣಕ್ಕೆ ಒಳ್ಳೆಯದೇ, ಅದು ಬೋನಸ್. ಆದರೆ ಕತ್ತಲೆಯಲ್ಲಿಟ್ಟರೆ ಬಣ್ಣ ಸೇಫ್ ಅಂತ ತಿಳಿಯಬೇಡಿ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿ ಗ್ಲೆನ್ ಕ್ಯಾಸ್ ಮತ್ತು ಜೊತೆಗಾರರು ಬಣ್ಣಗಳನ್ನು ಕತ್ತಲೆಯಲ್ಲೇ ಓಝೋನ್ ಗಾಳಿಗೆ ಒಡ್ಡಿ ನೋಡಿದರು. ಅಲಿಜರಿನ್ ಕೆಂಪು, ನೀಲಿ, ಅರಿಶಿನದ ಹಳದಿ ಎಲ್ಲ ಮಾಸಿದವು. ನೀಲಿ ಅಂದರೆ ಇಲ್ಲಿ ಗಿಡದ ನೀಲಿ, ಇಂಡಿಗೋ. ನಮ್ಮ ಹಳೇ ಬಟ್ಟೆಗಳಲ್ಲಿ ಇರುವುದು ಹೆಚ್ಚಾಗಿ ಇಂಥ ಬಣ್ಣಗಳೇ.

ನಂಜನಗೂಡು ರಸಬಾಳೆ:
ಶಾಲೆಯಿಂದ ಕರೆದುಕೊಂಡು ಹೋದಾಗ ಗೈಡ್ ರವಿವರ್ಮ ಅಂತಲೇ ಹೇಳಿದ್ದ. ಊರೆಲ್ಲ ಹಾಗೇ ಹೇಳುತ್ತಾರೆ ಮೇಡಂ.

ಸುಮ್ನೆ ಓದುಗ:
ಓಝೋನ್ ಮೇಲೆ ಆಕಾಶದಲ್ಲಿ ಇರೋದಲ್ವಾ?

ರಸಾಯನ ಮೇಷ್ಟ್ರು:
ಕೆಳಗೂ ಆಗುತ್ತದೆ. ವಾಹನದ ಹೊಗೆಗೆ ಬಿಸಿಲು ಬಿದ್ದರೆ ಹುಟ್ಟುತ್ತದೆ. ಆಫೀಸಿನಲ್ಲೂ ಹುಟ್ಟುತ್ತದೆ. ಹಳೇ ಜೆರಾಕ್ಸ್ ಮೆಷಿನ್ ಪಕ್ಕ ನಿಂತರೆ ಒಂದು ಚುರುಕು ವಾಸನೆ ಬರುತ್ತದಲ್ಲ, ಅದೇ. ಹಸ್ತಪ್ರತಿ ಇರುವ ಕೋಣೆಯಲ್ಲೇ ಜೆರಾಕ್ಸ್ ಇಟ್ಟಿರುವ ಜಾಗಗಳಿವೆ.

ಗಾಂಧಿಬಜಾರ್ ಗುಂಡ:
ಸಿಂಪಲ್. ಏರ್ ಪ್ಯೂರಿಫೈಯರ್ ತಂದಿಡಿ. ನಮ್ಮ ಮನೆಯಲ್ಲಿ ಇದೆ, ಸೂಪರ್.

ಓಲೆಗರಿ:
ಹೆಪಾ ಫಿಲ್ಟರ್ ಧೂಳು ಹಿಡಿಯುತ್ತದೆ, ಚೆನ್ನಾಗಿಯೇ ಹಿಡಿಯುತ್ತದೆ. ಅನಿಲ ಅದರಲ್ಲಿ ಸಲೀಸಾಗಿ ದಾಟಿ ಹೋಗುತ್ತದೆ. ಅನಿಲಕ್ಕೆ ಸಕ್ರಿಯ ಇದ್ದಿಲು ಬೇಕು, ಅದನ್ನು ಸಮಯಕ್ಕೆ ಸರಿಯಾಗಿ ಬದಲಿಸಲೂ ಬೇಕು. ಅಯಾನು ಬಿಡುವ ಪ್ಯೂರಿಫೈಯರ್ ಅಂತ ಮಾರುತ್ತಾರಲ್ಲ, ಅವುಗಳಲ್ಲಿ ಕೆಲವು ತಾವೇ ಓಝೋನ್ ಬಿಡುತ್ತವೆ. ಬಣ್ಣದ ಬಟ್ಟೆ ಇರುವ ಕೋಣೆಗೆ ಅದನ್ನು ತರಬೇಡಿ.

ಮಿಲಾನಿನ ಕನ್ನಡಿಗ:
ನಾನು ಇರುವ ಊರಿನಲ್ಲಿ ಗಾಳಿ ಕೆಟ್ಟದ್ದು, ಚಳಿಗಾಲದಲ್ಲಂತೂ ಹೊಗೆ ಮುಸುಕಿಕೊಂಡಿರುತ್ತದೆ. ಇಲ್ಲೇ ಲಿಯೊನಾರ್ಡೊನ ಕೊನೆಯ ಭೋಜನದ ಗೋಡೆಚಿತ್ರ ಇರುವುದು. ಹೇಗೆ ಕಾಪಾಡುತ್ತಾರೆ ಗೊತ್ತಾ? ಮೊದಲೇ ಬುಕ್ ಮಾಡಬೇಕು, ಸಣ್ಣ ಗುಂಪು ಮಾತ್ರ. ಒಂದು ಗಾಜಿನ ಕೋಣೆಗೆ ಬಿಡುತ್ತಾರೆ, ಹಿಂದಿನ ಬಾಗಿಲು ಮುಚ್ಚಿದ ಮೇಲೆಯೇ ಮುಂದಿನದು ತೆಗೆದುಕೊಳ್ಳುತ್ತದೆ. ಅಲ್ಲಿ ನಿಂತಾಗ ಯಾರೂ ಮಾತಾಡುವುದಿಲ್ಲ, ಲಿಫ್ಟಿನಲ್ಲಿ ಅಪರಿಚಿತರ ಜೊತೆ ನಿಂತ ಹಾಗೆ. ಒಳಗೆ 15 ನಿಮಿಷ ಅಷ್ಟೇ. ನಮ್ಮ ಮಾವ ಊರಿನಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. 'ತಿರುಪತಿಯಲ್ಲೂ ಇಷ್ಟೇ ಹೊತ್ತು ಕಣಯ್ಯ, ಇಲ್ಲಿ ಲಾಡೂನೂ ಇಲ್ಲ' ಅಂದರು.

ಗಾಂಧಿಬಜಾರ್ ಗುಂಡ:
ಮಾವನಿಗೆ ಜೈ.

ಕುಡ್ಲದ ಹುಡುಗ:
ಅದೆಲ್ಲ ಅಲ್ಲಿಗೆ ಸರಿ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿಟ್ಟು ನೋಡಿ. ಒಂದು ವಾರಕ್ಕೆ ಬೆಲ್ಟಿಗೆ, ಚಪ್ಪಲಿಗೆ ಬೂಷ್ಟು. ತಾಳೆಗರಿ, ಕಾಗದದ ಗತಿ ಕೇಳಬೇಡಿ. ನಮಗೆ ಹೊಗೆಗಿಂತ ತೇವ ದೊಡ್ಡ ಸಮಸ್ಯೆ. ಜೊತೆಗೆ ಉಪ್ಪುಗಾಳಿ. ನಮ್ಮ ಮನೆತನದ ಭೂತದ ಮೊಗ ಒಂದಿದೆ, ಕಂಚಿನದು. ಕಣ್ಣಿನ ಕೆಳಗೆ ತಿಳಿ ಹಸಿರು ಪುಡಿ ಬರುತ್ತದೆ, ಒರೆಸಿದರೆ ಮತ್ತೆ ಬರುತ್ತದೆ.

ಓಲೆಗರಿ:
ಒರೆಸುತ್ತಾ ಕೂರಬೇಡಿ, ತಿಳಿದವರಿಗೆ ಬೇಗ ತೋರಿಸಿ. ಗಟ್ಟಿಯಾಗಿ ಅಂಟಿಕೊಂಡಿರುವ ಕಡು ಹಸಿರು ಆದರೆ ಭಯವಿಲ್ಲ. ಪುಡಿಪುಡಿ ತಿಳಿ ಹಸಿರು ಆದರೆ ಅದನ್ನು ಕಂಚಿನ ರೋಗ ಅನ್ನುತ್ತಾರೆ. ಲೋಹದೊಳಗೆ ಹೊಕ್ಕ ಉಪ್ಪಿನ ಕ್ಲೋರೈಡ್ ತೇವ ಸಿಕ್ಕಾಗಲೆಲ್ಲ ಮತ್ತೆ ಮತ್ತೆ ತಿನ್ನುತ್ತದೆ, ಗುಳಿ ಬೀಳುತ್ತದೆ. ಅದು ನಿಲ್ಲಬೇಕಾದರೆ ಒಣ ಜಾಗ ಬೇಕು. ಕೋಲ ಇಲ್ಲದ ದಿನಗಳಲ್ಲಿ ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಮುಚ್ಚಿಡಿ. ಹುಣಸೆಹಣ್ಣು ಹಾಕಿ ತಿಕ್ಕಲೇಬೇಡಿ.

ಕುಡ್ಲದ ಹುಡುಗ:
ಹುಣಸೆಹಣ್ಣು ಬಿಡಿಸುವುದು ಅಜ್ಜಿ ಇರುವವರೆಗೂ ಆಗುವ ಮಾತಲ್ಲ. ಡಬ್ಬದ ವಿಷಯ ಮನೆಯಲ್ಲಿ ಕೇಳಿ ನೋಡುತ್ತೇನೆ, ಭೂತದ ಅಪ್ಪಣೆಯೂ ಬೇಕಾಗುತ್ತದೆ.

ಹಳೇಬೇರು:
ಹಾಗಾದರೆ ಎಸಿ ಹಾಕಿದರೆ ತೇವವೂ ಹೋಗುತ್ತದೆ, ಹೊಗೆಯೂ ಬರುವುದಿಲ್ಲ. ನನ್ನ ಮೊದಲಿನ ಮಾತು ಸರಿಯೇ ಆಯಿತಲ್ಲ?

ಓಲೆಗರಿ:
ಹಗಲೂ ರಾತ್ರಿ ಓಡಿಸುವುದಾದರೆ ಸರಿ. ನಮ್ಮಲ್ಲಿ ನಡೆಯುವುದು ಏನು? ಬೆಳಿಗ್ಗೆ ಹತ್ತಕ್ಕೆ ಆನ್, ಸಂಜೆ ಐದೂವರೆಗೆ ಆಫ್. ರಾತ್ರಿ ತೇವದ ಗಾಳಿ ಒಳಗೆ ಬಂದು ತಣ್ಣಗಿರುವ ವಸ್ತುಗಳ ಮೇಲೆ ಕೂರುತ್ತದೆ. ಮರ ಉಬ್ಬುತ್ತದೆ, ಬೆಳಿಗ್ಗೆ ಎಸಿ ಬಂದಾಗ ಕುಗ್ಗುತ್ತದೆ. ದಿನಾ ಇದೇ ಆದರೆ ಮರದ ಮೇಲಿನ ಬಣ್ಣ ಚಕ್ಕೆ ಏಳುತ್ತದೆ. ಇಂಥ ಎಸಿಗಿಂತ ಇಲ್ಲದಿರುವುದೇ ವಾಸಿ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಗೆ ಅನಿಲ ತಡೆಯುವ ಶಕ್ತಿಯೂ ಇಲ್ಲ.

ರಸಾಯನ ಮೇಷ್ಟ್ರು:
ಬೆಂಗಳೂರಿನ ಕಸ್ತೂರಬಾ ರಸ್ತೆಯ ಕೆಂಪು ಮ್ಯೂಸಿಯಂ ನೋಡಿ. 1865ರಲ್ಲಿ ಶುರುವಾದ ಸಂಸ್ಥೆ, ಕಟ್ಟಡ 1877ರದ್ದು. ಎತ್ತರದ ಸೂರು, ದೊಡ್ಡ ಕಿಟಕಿ. ಆಗ ಆ ರಸ್ತೆಯಲ್ಲಿ ಓಡಾಡುತ್ತಿದ್ದದ್ದು ಕುದುರೆ ಗಾಡಿ. ಗಾಳಿ ಆಡಲಿ ಅಂತಲೇ ಕಟ್ಟಿದ ಕಟ್ಟಡದ ಸುತ್ತ ಈಗ ಇಡೀ ದಿನ ಟ್ರಾಫಿಕ್. ಬೇಗೂರಿನ ವೀರಗಲ್ಲು ಅಲ್ಲಿದೆ, ಅದಕ್ಕೆ ದೊಡ್ಡ ತೊಂದರೆ ಇಲ್ಲ, ಒಳಗಿರುವ ಗಟ್ಟಿ ಕಲ್ಲು. ಬಟ್ಟೆ, ಕಾಗದ, ಬೆಳ್ಳಿ, ಚರ್ಮ, ಇವುಗಳದ್ದೇ ಚಿಂತೆ.

ಜೆನ್‌ಜೀ ಗೌಡ:
ಸಾರಿ, ಒಂದು ಮಾತು. ಅದೇ ರಸ್ತೆಯಲ್ಲಿ ನಿಂತಿರುವ ಟ್ರಾಫಿಕ್ ಪೊಲೀಸರ ಶ್ವಾಸಕೋಶದ ಬಗ್ಗೆ ಯಾರಿಗೂ ಚಿಂತೆ ಇಲ್ಲ, ಬೆಳ್ಳಿ ತಟ್ಟೆ ಬಗ್ಗೆ ಇಷ್ಟು ಉದ್ದ ಚರ್ಚೆ. ಮೊದಲು ಜನ.

ತುಂಗಾತೀರ:
ಜನರಿಗೆ ಗಾಳಿ ಶುದ್ಧವಾದರೆ ತಟ್ಟೆಗೂ ಆಯಿತಲ್ಲ ಮಾರಾಯ. ಎರಡೂ ಒಂದೇ ಜಗಳ.

ರಸಾಯನ ಮೇಷ್ಟ್ರು:
ಪೂರ್ತಿ ಒಂದೇ ಅಲ್ಲ. ಪಿಎಂ 2.5ಕ್ಕೆ, ಅಂದರೆ ಗಾಳಿಯಲ್ಲಿರುವ ಅತಿ ಸಣ್ಣ ಕಣಗಳಿಗೆ, ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಇವೆಲ್ಲ ಉಸಿರಾಡುವ ಮನುಷ್ಯನ ಲೆಕ್ಕ. ನಮ್ಮ ದೇಹ ಅಷ್ಟೋ ಇಷ್ಟೋ ರಿಪೇರಿ ಮಾಡಿಕೊಳ್ಳುತ್ತದೆ. ಕಾಗದ ಮಾಡಿಕೊಳ್ಳುವುದಿಲ್ಲ, ಮೂರು ನೂರು ವರ್ಷದ್ದೆಲ್ಲ ಕೂಡುತ್ತಾ ಹೋಗುತ್ತದೆ. ಮನುಷ್ಯನಿಗೆ ಏನೂ ಅಲ್ಲದ ಪ್ರಮಾಣದ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಗೆ ಬೇಕಾದಷ್ಟಾಯಿತು. ಆದರೂ ಗೌಡರ ಸಿಟ್ಟು ನ್ಯಾಯವೇ.

ಬಳ್ಳಾರಿ ಬಿಸಿಲು:
ರಸ್ತೆಯನ್ನೇ ಸರಿಸಿದ ಉದಾಹರಣೆ ಇದೆ. ಚೀನಾದ ಯುಂಗಾಂಗ್ ಬೌದ್ಧ ಗುಹೆಗಳ ಮುಂದೆಯೇ ಕಲ್ಲಿದ್ದಲು ಲಾರಿಗಳ ಹೆದ್ದಾರಿ ಇತ್ತು, ಬುದ್ಧನ ಮಡಿಲಲ್ಲೆಲ್ಲ ಕಪ್ಪು ಧೂಳು. 1998ರಲ್ಲಿ ಹೆದ್ದಾರಿಯನ್ನು ದೂರಕ್ಕೆ ತಿರುಗಿಸಿದರು. ಅಜಂತಾದಲ್ಲೂ ನಮ್ಮ ಗಾಡಿ ಸುಮಾರು 4 ಕಿಲೋಮೀಟರ್ ಆಚೆ ನಿಲ್ಲಿಸಿ ಅವರ ಬಸ್ ಹತ್ತಬೇಕು. ಮಾಡಬೇಕು ಅಂದರೆ ಆಗುತ್ತದೆ.

ಗಾಂಧಿಬಜಾರ್ ಗುಂಡ:
ನಮ್ಮಲ್ಲಿ ಬೈಪಾಸ್ ಮಾಡಿದರೆ ಐದು ವರ್ಷಕ್ಕೆ ಅದರ ಎರಡೂ ಕಡೆ ಸೈಟ್ ಮಾರಾಟ, ಕಲ್ಯಾಣ ಮಂಟಪ, ಆಮೇಲೆ ಅದಕ್ಕೊಂದು ಬೈಪಾಸ್.

ನಂಜನಗೂಡು ರಸಬಾಳೆ:
ಶ್ರೀರಂಗಪಟ್ಟಣದ ದರಿಯಾ ದೌಲತ್ ನೆನಪಾಯಿತು. 1784ರ ಕಟ್ಟಡ, ಗೋಡೆ ತುಂಬ ಚಿತ್ರ, ಪೊಳ್ಳಿಲೂರು ಯುದ್ಧದ್ದು. ಸುತ್ತ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಹೊರಗಿನಿಂದ ಬಂದವರಿಗೆ ಕಟ್ಟಡವೇ ಕಾಣುವುದಿಲ್ಲ ಅಂತ ಬೇಜಾರು. ಬಿಸಿಲಿಗೆ ಅಂತ ಹಾಕಿದ್ದು, ಆದರೆ ಧೂಳನ್ನೂ ಸ್ವಲ್ಪ ತಡೆಯುತ್ತದೆ ಅಲ್ವಾ?

ಓಲೆಗರಿ:
ಸ್ವಲ್ಪ ತಡೆಯುತ್ತದೆ. ಬೇಜಾರಾದರೂ ಅದು ಇರಲೇಬೇಕು. ಇನ್ನೊಂದು ವಿಷಯ. ಒಳಗಿನ ಧೂಳಿನಲ್ಲಿ ನಾವೇ ತರುವ ಪಾಲು ದೊಡ್ಡದು: ಬಟ್ಟೆಯ ನೂಲು, ಚರ್ಮದ ಪುಡಿ, ಚಪ್ಪಲಿ ಮಣ್ಣು. ಚಿತ್ರದ ಹತ್ತಿರ ಹೋದಷ್ಟೂ ಜಾಸ್ತಿ ಉದುರಿಸುತ್ತೇವೆ. ಹಗ್ಗ ಕಟ್ಟಿ ದೂರ ನಿಲ್ಲಿಸುವುದು ಬರೀ ಕೈ ತಾಗದಿರಲಿ ಅಂತಲ್ಲ. ಬಾಗಿಲಲ್ಲಿ ಉದ್ದನೆಯ ಒರಟು ಮ್ಯಾಟ್ ಹಾಕಿದರೆ ಅರ್ಧ ಯುದ್ಧ ಗೆದ್ದ ಹಾಗೆ.

ಹಳೇಬೇರು:
ಸರಿ, ಉಣ್ಣೆ ಬಟ್ಟೆ ತೆಗೆಸಿದರೆ ಶೋಕೇಸ್ ಸರಿ ಹೋಗುತ್ತದಾ? ಪ್ಲೈವುಡ್?

ಓಲೆಗರಿ:
ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಎರಡೂ ಫಾರ್ಮಾಲ್ಡಿಹೈಡ್, ಫಾರ್ಮಿಕ್ ಆಮ್ಲ, ಅಸಿಟಿಕ್ ಆಮ್ಲ ಬಿಡುತ್ತವೆ. ಅಸಿಟಿಕ್ ಅಂದರೆ ವಿನೆಗರಿನ ಆಮ್ಲ. ಮರದಲ್ಲಿ ಓಕ್ ತುಂಬ ಕೆಟ್ಟದ್ದು, ಯಾವ ಮರವೂ ಪೂರ್ತಿ ನಿರಪಾಯ ಅಲ್ಲ. ಬೆಳ್ಳಿಗಿಂತ ಇದು ಸೀಸಕ್ಕೆ ಯಮ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕಿವೆಯಲ್ಲ, ಅಂಥ ನಾಣ್ಯವನ್ನು ಚಂದದ ಮರದ ಡ್ರಾಯರಿನಲ್ಲಿ ಮುಚ್ಚಿಟ್ಟರೆ ಬಿಳಿ ಪುಡಿ ಏಳುತ್ತದೆ. ಅಕ್ಷರವೆಲ್ಲ ಆ ಪುಡಿಯ ಜೊತೆ ಹೋಗುತ್ತದೆ. ಎರಡು ಸಾವಿರ ವರ್ಷ ಮಣ್ಣಿನಲ್ಲಿ ಇದ್ದು ಬಂದದ್ದು ಡ್ರಾಯರಿನಲ್ಲಿ ಸಾಯುತ್ತದೆ. ಅಲ್ಲಿ ರಸ್ತೆಯ ಹೊಗೆಯ ಪಾತ್ರ ಏನೂ ಇಲ್ಲ.

ಶಂಖ, ಕವಡೆ ಸಂಗ್ರಹ ಇರುವವರಿಗೂ ಇದೇ ಗತಿ. ಮೇಲೆ ಬಿಳಿ ಬೂಷ್ಟಿನ ಹಾಗೆ ಕಾಣುವುದು ಬೂಷ್ಟಲ್ಲ, ಮರದ ಆಮ್ಲ ತಿಂದು ಬಂದ ಉಪ್ಪು.

ತುಂಗಾತೀರ:
ಅಂದರೆ ಕೊಳ್ಳುವ ಮೊದಲೇ ಶೋಕೇಸ್ ಪರೀಕ್ಷೆ ಮಾಡುವುದು ಹೇಗೆ? ಬಡಗಿ ಹತ್ತಿರ ಕೇಳಿದರೆ 'ಫಸ್ಟ್ ಕ್ವಾಲಿಟಿ ಸಾರ್' ಅಂತಾನೆ.

ಓಲೆಗರಿ:
ಆಡಿ ಪರೀಕ್ಷೆ ಅಂತ ಇದೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1970ರ ದಶಕದಲ್ಲಿ ತಂದದ್ದು. ಪ್ಲೈವುಡ್ಡೋ ಬಟ್ಟೆಯೋ ಅಂಟೋ, ಒಂದು ಚೂರನ್ನು ಗಾಜಿನ ಸೀಸೆಗೆ ಹಾಕಿ, ಸ್ವಲ್ಪ ನೀರು ಇಟ್ಟು, ಬೆಳ್ಳಿ, ತಾಮ್ರ, ಸೀಸದ ಪಟ್ಟಿಗಳ ಜೊತೆ ಭದ್ರವಾಗಿ ಮುಚ್ಚುತ್ತಾರೆ. 60 ಡಿಗ್ರಿ ಬಿಸಿಯಲ್ಲಿ 28 ದಿನ. ಬೆಳ್ಳಿ ಕಪ್ಪಾದರೆ ಗಂಧಕ, ಸೀಸ ಬೆಳ್ಳಗಾದರೆ ಆಮ್ಲ. ಹತ್ತಾರು ಲಕ್ಷದ ಯಂತ್ರ ಬೇಡ, ಆದರೆ ಕೈ ಶುಚಿ ಇರಬೇಕು, ಬೆರಳು ತಾಗಿದರೂ ಪಟ್ಟಿ ಕಲೆಯಾಗುತ್ತದೆ.

ಜೆನ್‌ಜೀ ಗೌಡ:
ಇದು ಇಂಟರೆಸ್ಟಿಂಗ್ ಆಗಿದೆ. ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡಬಹುದಾ ಮೇಷ್ಟ್ರೇ?

ರಸಾಯನ ಮೇಷ್ಟ್ರು:
ಖಂಡಿತ. ಮೊದಲು ಜನ ಅಂದವರೇ ಬಂದಿರಲ್ಲ, ಸಂತೋಷ.

ನಂಜನಗೂಡು ರಸಬಾಳೆ:
ಗರ್ಭಗುಡಿಯಲ್ಲಿ ನೂರಾರು ವರ್ಷದಿಂದ ಎಣ್ಣೆ ದೀಪ, ಕರ್ಪೂರ, ಧೂಪ. ದೇವರ ವಿಗ್ರಹಕ್ಕೆ ಏನೂ ಆಗಿಲ್ಲ. ನೀವು ಮಾತ್ರ ಅತಿಯಾಗಿ ಹೆದರಿಸುತ್ತೀರಿ.

ಓಲೆಗರಿ:
ಕಪ್ಪು ಕಲ್ಲಿನ ವಿಗ್ರಹಕ್ಕೆ ದಿನಾ ಅಭಿಷೇಕ ಇದೆ, ಎಣ್ಣೆ ಇದೆ, ನೋಡಿಕೊಳ್ಳುವವರು ಇದ್ದಾರೆ. ಅದೇ ದೇವಸ್ಥಾನದ ಚಾವಣಿಯ ಚಿತ್ರಗಳನ್ನು ನೋಡಿ, ದೀಪದ ಮಸಿ ಕೂತು ಎಷ್ಟೋ ಕಡೆ ಏನು ಬರೆದಿದೆ ಅಂತಲೇ ಗೊತ್ತಾಗುವುದಿಲ್ಲ. ದೀಪ ಹಚ್ಚಬೇಡಿ ಅಂತ ನಾನು ಹೇಳುವುದಿಲ್ಲ, ಪೂಜೆ ನಡೆಯುವ ಜಾಗ ಮ್ಯೂಸಿಯಂ ಅಲ್ಲ. ಆದರೆ ಏನೂ ಆಗಿಲ್ಲ ಅನ್ನಬೇಡಿ.

ನಂಜನಗೂಡು ರಸಬಾಳೆ:
ಒಪ್ಪುವುದಿಲ್ಲ, ಇರಲಿ.

ವೇದಿಕೆ ನಿರ್ವಾಹಕ:
ದೇವಸ್ಥಾನ, ಟಿಕೆಟ್ ದರ, ಸೈಟ್ ಬೆಲೆ ಚರ್ಚೆಗೆ ಬೇರೆ ಪೋಸ್ಟ್ ಹಾಕಿ. ಎರಡು ಕಾಮೆಂಟ್ ತೆಗೆದಿದ್ದೇನೆ.

ಹಳೇಬೇರು:
ಆ ಮ್ಯೂಸಿಯಂನವರಿಗೆ ಬರೆಯೋಣ ಅಂತಿದ್ದೇನೆ. ದುಡ್ಡಿಲ್ಲದೆ ಮಾಡಬಹುದಾದ್ದು ಏನೇನು?

ಓಲೆಗರಿ:
ದೂರು ಅಂತ ಬರೆಯಬೇಡಿ, ಫೈಲ್ ಆಗಿ ಕೂರುತ್ತದೆ. ಹೋಗಿ ಮಾತಾಡಿ. ಉಣ್ಣೆ ತೆಗೆದು ಗಂಜಿ ಹಾಕದ, ಬಣ್ಣ ಹಾಕದ ಬಿಳಿ ಹತ್ತಿ ಬಟ್ಟೆಯನ್ನು ಚೆನ್ನಾಗಿ ಒಗೆದು ಒಣಗಿಸಿ ಹಾಸಲಿ. ಹೊಸ ಶೋಕೇಸನ್ನು ಖಾಲಿ ಮಾಡಿ ಕೆಲವು ವಾರ ತೆರೆದಿಡಲಿ, ಪೇಂಟಿನ ಗಾಳಿ ಹೋಗಲಿ. ಬಸ್ ಸ್ಟ್ಯಾಂಡ್ ಕಡೆಯ ಕಿಟಕಿ ಮುಚ್ಚಿ, ಹಿಂದಿನ ಮೋರಿ ಕಡೆಯದೂ ಮುಚ್ಚಿ, ಪಕ್ಕದ ಅಂಗಳದ ಕಿಟಕಿ ಇದ್ದರೆ ಒಣ ದಿನಗಳಲ್ಲಿ ಅದನ್ನು ತೆಗೆಯಲಿ. ಓಲೆಗರಿ ಕಟ್ಟು ಇದ್ದರೆ ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ರಸ್ತೆಯಿಂದ ದೂರದ ಕೋಣೆಗೆ. ಬೆಳ್ಳಿಯನ್ನು ಹಲ್ಲುಪುಡಿ ಹಾಕಿ ತಿಕ್ಕಿಬಿಟ್ಟಾರು, ಅದನ್ನು ಮೊದಲೇ ತಡೆಯಿರಿ. ಪ್ರತಿ ಸಲ ತಿಕ್ಕಿದಾಗಲೂ ಕೆತ್ತನೆ ಸವೆಯುತ್ತದೆ. ಕಪ್ಪಾಗಿಯೇ ಇರಲಿ, ಪರವಾಗಿಲ್ಲ.

ಕೇಳಬೇಕಾದವರು ದೂರ ಇಲ್ಲ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆ ಮೈಸೂರಿನಲ್ಲೇ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಕೇಂದ್ರ ಇದೆ.

ಗಾಂಧಿಬಜಾರ್ ಗುಂಡ:
ಎರಡೂ ಕಡೆ ಕಿಟಕಿ ಮುಚ್ಚಿದರೆ ಅಲ್ಲಿ ಕೂರುವ ವಾಚ್‌ಮನ್ ಕಥೆ? ಮೇ ತಿಂಗಳಲ್ಲಿ ಬೆಂದು ಹೋಗುತ್ತಾನೆ.

ಓಲೆಗರಿ:
ಅದಕ್ಕೇ ಅಂಗಳದ ಕಿಟಕಿ ಅಂದೆ. ಅವನ ಕುರ್ಚಿಯನ್ನೂ ಅಲ್ಲಿಗೇ ಹಾಕಿ, ಫ್ಯಾನೂ ಅಲ್ಲಿಗೇ. ಈಗ ಆ ಫ್ಯಾನ್ ಧೂಳನ್ನು ಎಲ್ಲ ಕಡೆ ಹಂಚುತ್ತಿರುತ್ತದೆ.

ಜೆನ್‌ಜೀ ಗೌಡ:
ಮೇಷ್ಟ್ರೇ, ಪಟ್ಟಿಗಳನ್ನು ಎಲ್ಲಿ ತಗೊಳ್ಳುವುದು? ಹಳೇಬೇರು ಅವರ ಜೊತೆ ನಾನೂ ಹೋಗಿ ಆ ಶೋಕೇಸಿನಲ್ಲಿ, ಹಜಾರದಲ್ಲಿ, ಮೋರಿ ಕಡೆ ಒಂದೊಂದು ತೂಗುಹಾಕಿ ನೋಡೋಣ ಅಂತ.

ರಸಾಯನ ಮೇಷ್ಟ್ರು:
ಒಳ್ಳೆ ಉಪಾಯ. ಅಕ್ಕಸಾಲಿಗರ ಹತ್ತಿರ ಶುದ್ಧ ಬೆಳ್ಳಿಯ ತೆಳು ತಗಡು ಅಂತಲೇ ಕೇಳಿ, ಒಡವೆ ಬೆಳ್ಳಿ ಬೇಡ, ಅದರಲ್ಲಿ ತಾಮ್ರ ಬೆರೆತಿರುತ್ತದೆ. ಒಂದೇ ತಗಡಿನಿಂದ ಕತ್ತರಿಸಿ. ಎಲ್ಲವನ್ನೂ ಒಂದೇ ದಿನ ಉಜ್ಜಿ ಶುಚಿ ಮಾಡಿ, ಒಂದೇ ದಿನ ತೂಗುಹಾಕಿ. ಕೈಗವಸು ಹಾಕಿಕೊಳ್ಳಿ, ರಬ್ಬರಿನದು ಮಾತ್ರ ಬೇಡ. ಒಂದನ್ನು ಗಾಳಿಯಾಡದ ಡಬ್ಬಿಯಲ್ಲಿ ಮನೆಯಲ್ಲೇ ಇಟ್ಟುಕೊಳ್ಳಿ, ಹೋಲಿಸಿ ನೋಡಲು. ತಿಂಗಳಾದ ಮೇಲೆ ನಾಲ್ಕರ ಫೋಟೋವನ್ನೂ ಒಂದೇ ಬೆಳಕಿನಲ್ಲಿ ತೆಗೆದು ಇಲ್ಲಿ ಹಾಕಿ.

ಸುಮ್ನೆ ಓದುಗ:
ಅಮ್ಮನಿಗೆ ಫೋನ್ ಮಾಡಿದೆ. ರಬ್ಬರ್ ಬ್ಯಾಂಡ್ ತೆಗೆಯುತ್ತಾರಂತೆ, ಆದರೆ ಲೋಟ ಸುತ್ತಲು ನ್ಯೂಸ್‌ಪೇಪರ್ ಓಕೆನಾ ಅಂತ ಕೇಳುತ್ತಿದ್ದಾರೆ.

ಓಲೆಗರಿ:
ನ್ಯೂಸ್‌ಪೇಪರ್ ಬೇಡ. ಆಮ್ಲ ಇರುತ್ತದೆ, ಶಾಯಿಯೂ ಅಂಟುತ್ತದೆ. ಹಳೇ ಹತ್ತಿ ಪಂಚೆ ಒಗೆದು ಸುತ್ತಿ, ಮೇಲೆ ಜಿಪ್ ಇರುವ ಪಾಲಿಥೀನ್ ಚೀಲ. ಪಿವಿಸಿ ಚೀಲ ಬೇಡ.